ಡಿಸ್ಕ್ ಸವೆದಿದೆ ಅಂದರು, ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಎಮ್‌ಆರ್‌ಐ ಫಿಲಂ ಇರುವ ಆ ದೊಡ್ಡ ಕವರ್ ಹಿಡಿದು ಬರುವವರ ಮುಖ ನೋಡಿದರೆ ಸಾಕು, ಬೆನ್ನುಮೂಳೆಯ ಮಣಿಗಳ ನಡುವಿನ ದಿಂಬು, ಅಂದರೆ ಡಿಸ್ಕ್, ಸವೆದಿದೆ ಎಂಬ ರಿಪೋರ್ಟ್ ಓದಿಕೊಂಡೇ ಬಂದಿದ್ದಾರೆ ಎಂದು ಗೊತ್ತಾಗುತ್ತದೆ. ಫಿಸಿಯೋಥೆರಪಿ ಕೆಲಸದಲ್ಲಿ ನಾನು ಇದನ್ನು ದಿನವೂ ನೋಡುತ್ತೇನೆ. ಸೊಂಟ ನೋವು ಅನ್ನುತ್ತಲೇ ನಿನ್ನೆವರೆಗೆ ಹಸುವಿಗೆ ಹುಲ್ಲು ತಂದು ಹಾಕುತ್ತಿದ್ದವರು, ರಿಪೋರ್ಟ್ ಬಂದ ಮೇಲೆ ಮಂಚ ಬಿಟ್ಟು ಇಳಿಯುವುದಿಲ್ಲ. ನೋವು ಮೊದಲಿನಷ್ಟೇ ಇರುತ್ತದೆ. ಜಾಸ್ತಿ ಆಗಿರುವುದು ಭಯ. ಆ ಭಯ ಇಳಿಯಲಿ ಎಂದು, ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮನ್ನು ಕೈಯಾರೆ ಪರೀಕ್ಷೆ ಮಾಡಿದ ಡಾಕ್ಟರ ಮಾತಿನ ಜಾಗಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.

ಮೊದಲು ಇದನ್ನು ಹೇಳಿ: ಯಾವಾಗ ಒಂದು ದಿನವೂ ಕಾಯಬಾರದು?

ಸೊಂಟ ಅಥವಾ ಕಾಲು ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಗೊತ್ತೇ ಆಗದಂತೆ ಮೂತ್ರ ಇಲ್ಲವೇ ಮಲ ಹೋದರೆ, ತೊಡೆಸಂದು ಮತ್ತು ಕೂತಾಗ ನೆಲಕ್ಕೆ ತಾಗುವ ಜಾಗ ಮರಗಟ್ಟಿದಂತಾದರೆ, ಎರಡೂ ಕಾಲಿನ ಬಲ ಕುಗ್ಗುತ್ತಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿಯಾಗಿದ್ದರೂ ಹೋಗಿ. ನಮ್ಮ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದ ಹಾಗೆ ಗೊಂಚಲಾಗಿ ಇಳಿಯುತ್ತವೆ. ಡಿಸ್ಕಿನ ದೊಡ್ಡ ತುಂಡೊಂದು ಆ ಗೊಂಚಲನ್ನೇ ಒತ್ತಿದಾಗ ಹೀಗಾಗುತ್ತದೆ. ಇದು ಅಪರೂಪ. ಆದರೆ ತಡ ಮಾಡಿದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು. ನಾಚಿಕೆಯಿಂದ ಮನೆಯವರಿಗೂ ಹೇಳದೆ ಕೂರುವವರಿದ್ದಾರೆ, ಹೆಂಗಸರಲ್ಲಿ ಜಾಸ್ತಿ. ದಯವಿಟ್ಟು ಹೇಳಿ.

ನಡೆಯುವಾಗ ಪಾದದ ಮುಂಭಾಗ ಎತ್ತಲಾಗದೆ ನೆಲಕ್ಕೆ ತಾಗುತ್ತಿದ್ದರೆ ಅದಕ್ಕೂ ಬೇಗ ಡಾಕ್ಟರನ್ನು ನೋಡಿ. ಜ್ವರ, ಸುಮ್ನೆ ಇಳಿಯುವ ತೂಕ, ಮಲಗಿದರೂ ಬಿಡದ ರಾತ್ರಿ ನೋವು, ಹಿಂದೆ ಎಂದಾದರೂ ಕ್ಯಾನ್ಸರ್ ಆಗಿದ್ದುದು, ವಯಸ್ಸಾದವರು ಜಾರಿ ಬಿದ್ದ ಮೇಲೆ ಶುರುವಾದ ನೋವು, ಇವೆಲ್ಲ ಬೇರೆ ಲೆಕ್ಕ. ನಮ್ಮ ದೇಶದಲ್ಲಿ ಬೆನ್ನುಮೂಳೆಗೂ ಕ್ಷಯ (ಟಿಬಿ) ಬರುತ್ತದೆ. ಅದನ್ನು ಸವಕಳಿ ಎಂದುಕೊಂಡು ತಿಂಗಳುಗಟ್ಟಲೆ ಎಣ್ಣೆ ಹಚ್ಚುತ್ತಾ ಕೂರಬಾರದು.

ಡಿಸ್ಕ್ ಅಂದರೆ ಮೂಳೆಯಾ?

ಅಲ್ಲ. ಬೆನ್ನುಮೂಳೆಯ ಒಂದು ಮಣಿಗೂ ಇನ್ನೊಂದು ಮಣಿಗೂ ನಡುವೆ ಇರುವ ದಿಂಬು ಅದು. ಒಟ್ಟು 23 ಇವೆ: ಕತ್ತಿನಲ್ಲಿ 6, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಬೆನ್ನುಮೂಳೆಯ ಉದ್ದದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಈ ದಿಂಬುಗಳದ್ದೇ.

ಬೇಸಿಗೆಯಲ್ಲಿ ರಸ್ತೆ ಬದಿ ಮಾರುವ ತಾಟಿನುಂಗು ತಿಂದಿದ್ದೀರಲ್ವಾ? ಎಳೆಯ ನುಂಗು ಬೆರಳು ಒತ್ತಿದರೆ ಅದುರುತ್ತದೆ, ತುಂಬಾ ನೀರು. ಡಿಸ್ಕಿನ ನಡುಭಾಗ ಚಿಕ್ಕ ವಯಸ್ಸಿನಲ್ಲಿ ಹಾಗೇ ಇರುತ್ತದೆ. ಅದರ ಸುತ್ತ ಗಟ್ಟಿ ನಾರಿನ ಹದಿನೈದು ಇಪ್ಪತ್ತು ಸುತ್ತುಗಳಿವೆ, ಈರುಳ್ಳಿ ಪದರದಂತೆ. ಒಂದು ಪದರದ ನಾರು ಬಲಕ್ಕೆ ಓರೆಯಾಗಿದ್ದರೆ ಮುಂದಿನದು ಎಡಕ್ಕೆ ಓರೆ. ಹೊರಸಿಗೆ ಹಗ್ಗ ಹೆಣೆಯುವವರಿಗೆ ಇದರ ಗುಟ್ಟು ಚೆನ್ನಾಗಿ ಗೊತ್ತು: ಅಡ್ಡಡ್ಡ ಹೆಣೆದರೆ ಯಾವ ಕಡೆ ಜಗ್ಗಿದರೂ ತಡೆಯುತ್ತದೆ.

ವಯಸ್ಸಾದಂತೆ ಒಳಗೆ ಏನಾಗುತ್ತದೆ?

ನೀರು ಕಡಿಮೆಯಾಗುತ್ತದೆ. ಹುಟ್ಟಿದಾಗ ಆ ನಡುಭಾಗದ ತೂಕದಲ್ಲಿ ನೂರಕ್ಕೆ 80ರಿಂದ 90 ಪಾಲು ನೀರೇ. ಇಳಿವಯಸ್ಸಿಗೆ ಅದು 70ರ ಹತ್ತಿರ ಬರುತ್ತದೆ. ನೀರು ಹಿಡಿದಿಡುವ ಪದಾರ್ಥ ಕರಗುತ್ತಾ ಬಂದು, ನುಂಗು ಬಲಿತ ಹಾಗೆ ನಡುಭಾಗ ಗಟ್ಟಿಯಾಗುತ್ತದೆ. ದಿಂಬು ತೆಳುವಾಗುತ್ತದೆ. ಸುತ್ತಲಿನ ನಾರಿನಲ್ಲಿ ಅಲ್ಲಲ್ಲಿ ಸೀಳು ಬೀಳುತ್ತದೆ. ದಿಂಬು ತಗ್ಗಿದ್ದರಿಂದ ಹಿಂಬದಿಯ ಸಣ್ಣ ಕೀಲುಗಳ ಮೇಲೆ ಭಾರ ಬೀಳುತ್ತದೆ, ಮಣಿಗಳ ಅಂಚಿನಲ್ಲಿ ಮೂಳೆ ಸ್ವಲ್ಪ ಸ್ವಲ್ಪ ಬೆಳೆಯುತ್ತದೆ.

ಒಮ್ಮೆ ಸವೆದದ್ದು ಮತ್ತೆ ಮೊದಲಿನಂತೆ ಯಾಕೆ ಆಗುವುದಿಲ್ಲ ಎಂದು ಕೇಳುತ್ತಾರೆ. ಕಾರಣ ಊಟ ಸಿಗುವ ದಾರಿ. ಮೈಯಲ್ಲಿ ರಕ್ತನಾಳವೇ ಇಲ್ಲದ ಜಾಗಗಳಲ್ಲಿ ಡಿಸ್ಕ್ ಎಲ್ಲಕ್ಕಿಂತ ದೊಡ್ಡದು. ಮಗುವಾಗಿದ್ದಾಗ ಇದ್ದ ಸಣ್ಣ ನಾಳಗಳೂ ಬೆಳೆಯುತ್ತಾ ಮುಚ್ಚಿಹೋಗುತ್ತವೆ. ಆಮೇಲೆ ಮೇಲಿನ ಮತ್ತು ಕೆಳಗಿನ ಮಣಿಯಿಂದ ತೆಳು ಪದರದ ಮೂಲಕ ಜಿನುಗಿ ಬಂದದ್ದಷ್ಟೇ ಅದರ ಆಹಾರ. ಕೈಗೆ ಗಾಯವಾದರೆ ವಾರದಲ್ಲಿ ಮಾಯುತ್ತದೆ, ರಕ್ತ ಓಡಾಡುತ್ತದೆ. ಡಿಸ್ಕಿಗೆ ಆ ಭಾಗ್ಯ ಇಲ್ಲ.

ಬೀಡಿ, ಸಿಗರೇಟು ಸೇದುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಮೊದಲೇ ಕಿರಿದಾದ ದಾರಿಯನ್ನು ಹೊಗೆ ಇನ್ನಷ್ಟು ಕಿರಿದು ಮಾಡುತ್ತದೆ. ಫಿನ್ಲೆಂಡಿನಲ್ಲಿ ಒಬ್ಬ ಸೇದುವ, ಇನ್ನೊಬ್ಬ ಸೇದದ ತದ್ರೂಪಿ ಅವಳಿಗಳ ಸೊಂಟವನ್ನು ಹೋಲಿಸಿ ನೋಡಿದ್ದರು. 1991ರಲ್ಲಿ ಫಲಿತಾಂಶ ಪ್ರಕಟವಾಯಿತು. ಸೇದುವವರ ಡಿಸ್ಕ್ ಸವಕಳಿ 18% ಜಾಸ್ತಿ ಇತ್ತು.

ರಿಪೋರ್ಟ್‌ನಲ್ಲಿ ಬರೆದ ಮಾತುಗಳ ಅರ್ಥ ಏನು?

‘ಎಲ್4-ಎಲ್5’ ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮಣಿಗಳ ನಡುವಿನ ಡಿಸ್ಕ್. ‘ಎಲ್5-ಎಸ್1’ ಅದರ ಕೆಳಗಿನದು. ಮೈಭಾರ ಜಾಸ್ತಿ ಬೀಳುವುದು ಈ ಎರಡರ ಮೇಲೆ. ಹೀಗಾಗಿ ರಿಪೋರ್ಟ್‌ಗಳಲ್ಲಿ ಇವೇ ಹೆಸರು ಮತ್ತೆ ಮತ್ತೆ ಬರುತ್ತವೆ. ‘ಡೆಸಿಕೇಶನ್’ ಅಂದರೆ ನೀರು ಕಡಿಮೆಯಾಗಿದೆ ಎಂದಷ್ಟೇ. ಚಿತ್ರದಲ್ಲಿ ಬೆಳ್ಳಗೆ ಕಾಣಬೇಕಾದ ಡಿಸ್ಕ್ ಕಪ್ಪಗೆ ಕಾಣುತ್ತದೆ. ಕಪ್ಪಾಗಿದೆ ಅಂದರೆ ಕೊಳೆತಿದೆ ಎಂದಲ್ಲ. ‘ಬಲ್ಜ್’ ಅಂದರೆ ದಿಂಬು ಸುತ್ತಲೂ ಸ್ವಲ್ಪ ಉಬ್ಬಿದೆ. ‘ಪ್ರೊಟ್ರೂಷನ್’ ಅಂದರೆ ಒಂದು ಕಡೆ ಮಾತ್ರ ಚಾಚಿದೆ. ‘ಎಕ್ಸ್‌ಟ್ರೂಷನ್’ ಅಂದರೆ ನಾರಿನ ಸುತ್ತು ದಾಟಿ ಒಳಗಿನದು ಹೊರಗೆ ಬಂದಿದೆ. ‘ಆಸ್ಟಿಯೋಫೈಟ್’ ಅಂಚಿನಲ್ಲಿ ಬೆಳೆದ ಮೂಳೆ.

ಇನ್ನು ‘ಡಿಜೆನರೇಟಿವ್ ಡಿಸ್ಕ್ ಡಿಸೀಸ್’, ಅಂದರೆ ಡಿಸ್ಕ್ ಸವೆಯುವ ರೋಗ. ಈ ಹೆಸರಿನ ಬಗ್ಗೆ ನನಗೆ ತಕರಾರಿದೆ. ಡಿಸೀಸ್ ಅಂದ ಕೂಡಲೇ ಸಕ್ಕರೆ ಕಾಯಿಲೆಯ ಹಾಗೆ, ದಿನದಿನಕ್ಕೆ ಏರುವ ರೋಗ ಅಂಟಿಕೊಂಡಿತು ಎಂದು ಜನ ತಿಳಿಯುತ್ತಾರೆ. ಯಾಕೆ ಹಾಗಲ್ಲ ಎಂದು ತಿಳಿಯಲು ಮುಂದಿನ ಉತ್ತರ ಓದಿ.

ಡಿಸ್ಕ್ ಸವೆದಿದ್ದರೆ ನೋವು ಬರಲೇಬೇಕಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬೆನ್ನು ನೋವೇ ಇಲ್ಲದವರ ಸ್ಕ್ಯಾನ್ ಮಾಡಿದ 33 ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಒಂದು ಲೆಕ್ಕ ಹಾಕಿದರು. ಒಟ್ಟು 3,110 ಜನ. ಯಾರಿಗೂ ಬೆನ್ನು ನೋವಿರಲಿಲ್ಲ. ಆದರೂ 20ರ ವಯಸ್ಸಿನವರಲ್ಲಿ 37% ಜನರಿಗೆ ಡಿಸ್ಕ್ ಸವಕಳಿ ಕಾಣಿಸಿತು. 40ರವರಲ್ಲಿ 68%. 50ರವರಲ್ಲಿ 80%. 80ರ ವಯಸ್ಸಿನವರಲ್ಲಿ 96%. ಡಿಸ್ಕ್ ಉಬ್ಬಿರುವುದು 20ರವರಲ್ಲಿ 30% ಇದ್ದರೆ 80ರವರಲ್ಲಿ 84%.

ಅಂದರೆ ಸಂತೆಯಲ್ಲಿ ನೆಟ್ಟಗೆ ನಡೆದು ಹೋಗುತ್ತಿರುವ ಐವತ್ತರ ಹತ್ತು ಜನರನ್ನು ಹಿಡಿದು ಎಮ್‌ಆರ್‌ಐ ಮಾಡಿಸಿದರೆ, ಎಂಟು ಜನರ ರಿಪೋರ್ಟ್ ನಿಮ್ಮದರ ಹಾಗೇ ಇರುತ್ತದೆ. ಅವರು ಆ ಸಂಜೆ ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಾರೆ. ಹಳೆಯ ಮನೆಯ ಹೊಸ್ತಿಲು ತುಳಿದು ತುಳಿದು ನಡುವೆ ತಗ್ಗಾಗಿರುತ್ತದೆ. ಅದನ್ನು ನೋಡಿ ಮನೆ ಬೀಳುತ್ತದೆ ಎಂದು ಯಾರೂ ಹೊರಗೆ ಓಡುವುದಿಲ್ಲ.

ಹಾಗಾದರೆ ನನಗೇಕೆ ನೋವು? ನಾನೇನು ಸುಳ್ಳು ಹೇಳುತ್ತಿದ್ದೀನಾ?

ಖಂಡಿತ ಇಲ್ಲ. ನೋವು ನಿಜ. ಕೆಲವರಲ್ಲಿ ಡಿಸ್ಕೇ ಕಾರಣವೂ ಆಗಿರುತ್ತದೆ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಹೊರ ಅಂಚಿಗೆ ಮಾತ್ರ ನರದ ತುದಿಗಳಿವೆ. ಸೀಳು ಬಿದ್ದ ಡಿಸ್ಕಿನಲ್ಲಿ ಆ ತುದಿಗಳು ಒಳಕ್ಕೂ ಬೆಳೆಯುತ್ತವೆ. ಆದರೆ ಸೊಂಟದ ಸ್ನಾಯು, ಸಣ್ಣ ಕೀಲು, ನಿದ್ದೆ ಕೆಟ್ಟ ರಾತ್ರಿಗಳು, ಮನೆಯ ಚಿಂತೆ, ತಿಂಗಳುಗಟ್ಟಲೆ ಅಲುಗಾಡದೆ ಕೂತದ್ದು ಇವೆಲ್ಲ ಸೇರಿ ನೋವನ್ನು ಏರಿಸುತ್ತವೆ. ಸೊಂಟ ನೋವಿನ ಬಹುಪಾಲು ಪ್ರಕರಣಗಳಲ್ಲಿ ‘ಇದೇ ಜಾಗ, ಇದೇ ಕಾರಣ’ ಎಂದು ಬೆರಳಿಟ್ಟು ತೋರಿಸಲು ಯಾವ ಸ್ಕ್ಯಾನಿಗೂ ಆಗುವುದಿಲ್ಲ. ಸವಕಳಿ ಹಾಗೇ ಇದ್ದು ನೋವು ಮಾತ್ರ ಹೋದವರನ್ನು ನಾನು ತುಂಬಾ ನೋಡಿದ್ದೇನೆ. ಮತ್ತೆ ಸ್ಕ್ಯಾನ್ ಮಾಡಿಸಿದರೆ ಅದೇ ಕಪ್ಪು ಡಿಸ್ಕ್ ಅಲ್ಲೇ ಇರುತ್ತದೆ.

‘ಗ್ಯಾಪ್ ಬಂದಿದೆ’, ‘ಡಿಸ್ಕ್ ಜಾರಿದೆ’ ಅಂತಾರಲ್ಲ?

ಗ್ಯಾಪ್ ಬಂದಿರುವುದಿಲ್ಲ, ಇದ್ದ ಗ್ಯಾಪ್ ಕಡಿಮೆಯಾಗಿರುತ್ತದೆ. ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ. ಎರಡು ಮಣಿಗಳ ನಡುವಿನ ಜಾಗ ನೋಡಿ ಅದು ತೆಳುವಾಗಿದೆ ಎಂದು ಊಹಿಸುತ್ತಾರೆ. ಡಿಸ್ಕ್ ಸೋಪಿನ ಹಾಗೆ ಜಾರುವುದೂ ಇಲ್ಲ. ಮೇಲೆ ಕೆಳಗೆ ಮಣಿಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ‘ಜಾರಿದ್ದನ್ನು ಕೂರಿಸುತ್ತೇನೆ’ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪು ಮಾಡಿಕೊಳ್ಳಿ.

ಕಾಲಿಗೆ ಕರೆಂಟ್ ಹೊಡೆದ ಹಾಗೆ ಎಳೆಯುತ್ತದೆ. ಚಾಚಿದ ಡಿಸ್ಕ್ ಹಾಗೇ ಇರುತ್ತದಾ?

ಪಿರ್ರೆಯಿಂದ ತೊಡೆಯ ಹಿಂದೆ ಇಳಿದು ಮೀನಖಂಡ, ಪಾದದವರೆಗೆ ಬರುವ ಈ ನೋವಿಗೆ ಸಯಾಟಿಕಾ ಅನ್ನುತ್ತಾರೆ. ಆಯುರ್ವೇದದವರು ಗೃಧ್ರಸಿ ಅನ್ನುತ್ತಾರೆ. ಡಿಸ್ಕಿನಿಂದ ಹೊರಬಂದ ಭಾಗ ನರವನ್ನು ಒತ್ತುವುದರ ಜೊತೆಗೆ ಅದರ ಸುತ್ತ ಉರಿಯೂತವನ್ನೂ ಎಬ್ಬಿಸುತ್ತದೆ. 1934ರಲ್ಲಿ ಅಮೆರಿಕದ ಬಾಸ್ಟನ್‌ನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನ್‌ಗಳು ಡಿಸ್ಕಿಗೂ ಈ ನೋವಿಗೂ ಇರುವ ಸಂಬಂಧವನ್ನು ವಿವರವಾಗಿ ಬರೆದರು.

ಸಮಾಧಾನದ ಸುದ್ದಿ ಏನೆಂದರೆ, ಹೊರಬಂದ ತುಂಡನ್ನು ಎಷ್ಟೋ ಸಲ ನಮ್ಮ ಮೈಯೇ ತಿಂದು ಕರಗಿಸುತ್ತದೆ. ಅದಕ್ಕಿಂತ ಅಚ್ಚರಿ ಎಂದರೆ, ತುಂಡು ದೊಡ್ಡದಾಗಿದ್ದಷ್ಟೂ ಕರಗುವ ಸಾಧ್ಯತೆ ಜಾಸ್ತಿ. 2015ರ ಒಂದು ವಿಮರ್ಶೆಯ ಪ್ರಕಾರ ಪೂರ್ತಿ ಕಳಚಿಕೊಂಡ ತುಂಡುಗಳಲ್ಲಿ 96%, ಹೊರಬಂದು ಅಂಟಿಕೊಂಡೇ ಇದ್ದವುಗಳಲ್ಲಿ 70%, ಬರೀ ಚಾಚಿದವುಗಳಲ್ಲಿ 41% ತಾವಾಗಿಯೇ ಕುಗ್ಗಿದ್ದವು. ಹೊರಗೆ ಬಂದದ್ದಕ್ಕೆ ರಕ್ತದ ಸಂಪರ್ಕ ಸಿಗುತ್ತದೆ. ಮೈ ಅದನ್ನು ಬೇರೆಯದೆಂದು ಗುರುತಿಸಿ ಶುಚಿ ಮಾಡುತ್ತದೆ. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆ ದಿನಗಳು ಕಷ್ಟದವು, ಅದನ್ನು ಹಗುರ ಮಾಡಿ ಹೇಳುವುದಿಲ್ಲ. ನೋವು ಪಾದದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿಯುತ್ತಾ ಬಂದರೆ ಅದು ಒಳ್ಳೆಯ ಲಕ್ಷಣ.

ಜೀವಮಾನವಿಡೀ ಮೂಟೆ ಹೊತ್ತೆ, ಬಿಂದಿಗೆ ಹೊತ್ತೆ. ಅದಕ್ಕೇ ಸವೆಯಿತಾ?

ಸ್ವಲ್ಪ ಪಾಲು ಇರಬಹುದು. ಆದರೆ ನಾವು ಅಂದುಕೊಂಡಷ್ಟು ಅಲ್ಲ. ಮತ್ತೆ ಅದೇ ಫಿನ್ಲೆಂಡಿನ ಅವಳಿಗಳು: ಒಬ್ಬ ದುಡಿಮೆಗಾರ, ಇನ್ನೊಬ್ಬ ಕುರ್ಚಿ ಕೆಲಸದವನಾಗಿದ್ದರೂ ಇಬ್ಬರ ಡಿಸ್ಕ್ ಬಹಳ ಮಟ್ಟಿಗೆ ಒಂದೇ ಥರ ಸವೆದಿತ್ತು. 1995ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಒಬ್ಬರಿಂದ ಒಬ್ಬರಿಗೆ ಸವಕಳಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ದುಡಿಮೆಯ ಭಾರ ಕೊಟ್ಟ ಕಾರಣ ಸೊಂಟದ ಮೇಲ್ಭಾಗದಲ್ಲಿ 7%, ಕೆಳಭಾಗದಲ್ಲಿ 2% ಮಾತ್ರ. ದೊಡ್ಡ ಪಾಲು ಮನೆತನದಿಂದ ಬಂದದ್ದು.

‘ನಾನೇ ನನ್ನ ಬೆನ್ನು ಹಾಳು ಮಾಡಿಕೊಂಡೆ’ ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವ ತಾಯಂದಿರಿಗೆ ನಾನು ಈ ಮಾತನ್ನು ಬಿಡದೆ ಹೇಳುತ್ತೇನೆ. ಮಕ್ಕಳನ್ನು ಸಾಕಲು ದುಡಿದದ್ದು ತಪ್ಪಲ್ಲ.

ಸಿಸೇರಿಯನ್ ಆದಾಗ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಹೀಗಾಯ್ತಾ?

ಇಲ್ಲ. ಆ ಸೂಜಿ ಡಿಸ್ಕಿಗೆ ಹೋಗುವುದೇ ಇಲ್ಲ. ಬೆನ್ನುಹುರಿ ಮುಗಿದ ಕೆಳಗೆ, ನರಗಳ ಸುತ್ತಲಿನ ನೀರಿಗೆ ಔಷಧಿ ಬಿಡುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ಸೊಂಟ ನೋವಿಗೂ ಇದಕ್ಕೂ ಅಧ್ಯಯನಗಳಲ್ಲಿ ಸಂಬಂಧ ಕಂಡಿಲ್ಲ. ಬಸುರಿಯಲ್ಲಿ ಹೊಟ್ಟೆಯ ಸ್ನಾಯು ಸಡಿಲವಾಗಿರುತ್ತದೆ. ಆಮೇಲೆ ಮಗುವನ್ನು ಎತ್ತುವುದು, ಬಗ್ಗಿ ಹಾಲು ಕೊಡುವುದು, ನಿದ್ದೆ ಇಲ್ಲದ ರಾತ್ರಿಗಳು. ಬಾಣಂತನ ಮುಗಿದ ಮೇಲೆ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳಿಗೆ ಮತ್ತೆ ಬಲ ತುಂಬಿಸುವ ಕೆಲಸ ನಮ್ಮಲ್ಲಿ ಯಾರೂ ಮಾಡಿಸುವುದಿಲ್ಲ. ನನ್ನ ಕಣ್ಣಿಗೆ ಕಾಣುವ ಕೊರತೆ ಅದು.

ಡಾಕ್ಟರು ಬೆಡ್ ರೆಸ್ಟ್ ಅಂದರೆ ಎಷ್ಟು ದಿನ ಮಲಗಬೇಕು?

ಉಳುಕಿ ಸೊಂಟ ಹಿಡಿದುಕೊಂಡಾಗ ಒಂದೆರಡು ದಿನ ಮಲಗಿದರೆ ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ಮಲಗಿದಷ್ಟೂ ಚೇತರಿಕೆ ನಿಧಾನ. ಹಿಂದಿನ ಕಾಲದಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಆ ಪದ್ಧತಿಯನ್ನು ಕೈಬಿಟ್ಟಿದ್ದಾರೆ. ಮಲಗಿದಲ್ಲಿ ಸ್ನಾಯು ಕರಗುತ್ತದೆ, ಮನಸ್ಸೂ ಕುಗ್ಗುತ್ತದೆ. ಬಚ್ಚಲಿಗೆ, ಅಂಗಳಕ್ಕೆ, ಬೀದಿ ಕೊನೆಗೆ ಹೀಗೆ ಹೆಜ್ಜೆ ಹೆಚ್ಚಿಸಿ.

ನಡೆದರೆ ಇನ್ನಷ್ಟು ಸವೆಯುವುದಿಲ್ವಾ?

ಡಿಸ್ಕ್ ಗಾಡಿಯ ಟೈರ್ ಅಲ್ಲ, ಓಡಿದಷ್ಟು ಸವೆಯಲು. ಭಾರ ಬಿದ್ದಾಗ ಅದು ನೀರು ಬಿಡುತ್ತದೆ, ಮಲಗಿದಾಗ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಇರುವ ಎತ್ತರಕ್ಕಿಂತ ಸಂಜೆಗೆ ನಾವೆಲ್ಲ ಒಂದರಿಂದ ಎರಡು ಸೆಂಟಿಮೀಟರ್ ಗಿಡ್ಡ ಆಗಿರುತ್ತೇವೆ. ಬೇಕಾದರೆ ಗೋಡೆಗೆ ನಿಂತು ಗೀಟು ಹಾಕಿ ನೋಡಿ. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು, ವರ್ಷಗಳಿಂದ ಓಡುವ ಅಭ್ಯಾಸ ಇರುವವರ ಡಿಸ್ಕ್ ಓಡದವರದಕ್ಕಿಂತ ಹೆಚ್ಚು ನೀರು ತುಂಬಿಕೊಂಡಿರುವುದನ್ನು ಕಂಡರು.

ನಡಿಗೆಯ ಬಗ್ಗೆ ಇನ್ನೂ ಗಟ್ಟಿ ಸಾಕ್ಷಿ ಇದೆ. ಅದೂ ಆಸ್ಟ್ರೇಲಿಯಾದ್ದೇ, 2024ರಲ್ಲಿ ಪ್ರಕಟವಾಯಿತು. ಸೊಂಟ ನೋವು ಬಂದು ವಾಸಿಯಾಗಿದ್ದ 701 ಜನರಲ್ಲಿ ಅರ್ಧ ಜನರಿಗೆ ಫಿಸಿಯೋಥೆರಪಿಸ್ಟ್ ಸಲಹೆಯೊಂದಿಗೆ ನಡಿಗೆ ಕಲಿಸಿದರು. ಗುರಿ ವಾರಕ್ಕೆ ಐದು ಸಲ, 30 ನಿಮಿಷ. ಅಲ್ಲಿಗೆ ನಿಧಾನವಾಗಿ ಏರಬೇಕು. ನಡೆಯದ ಗುಂಪಿನಲ್ಲಿ ನೋವು ಮರಳಲು 112 ದಿನ ಹಿಡಿದರೆ, ನಡೆದವರಲ್ಲಿ 208 ದಿನ ಹಿಡಿಯಿತು. ಚಪ್ಪಲಿ ಬಿಟ್ಟರೆ ಇದಕ್ಕೆ ಬೇರೆ ಖರ್ಚೇ ಇಲ್ಲ.

ಐದು ನಿಮಿಷದಿಂದ ಶುರು ಮಾಡಿ. ನಡೆದ ಮೇಲೆ ನೋವು ಸ್ವಲ್ಪ ಏರಿ ಮಾರನೇ ಬೆಳಿಗ್ಗೆ ಹೊತ್ತಿಗೆ ಇಳಿದರೆ ಹೆದರಬೇಡಿ. ಇಳಿಯದಿದ್ದರೆ ಮರುದಿನ ದೂರ ಕಡಿಮೆ ಮಾಡಿ, ನಡೆಯುವುದನ್ನೇ ನಿಲ್ಲಿಸಬೇಡಿ.

ಇನ್ನು ಮೇಲೆ ಬಗ್ಗಲೇಬಾರದಾ? ಭಾರ ಎತ್ತಲೇಬಾರದಾ?

ಬಗ್ಗಬಹುದು, ಎತ್ತಲೂಬಹುದು. ಹೇಗೆ ಎನ್ನುವುದು ಮುಖ್ಯ. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಪುಟ್ಟ ಅಳತೆಯಂತ್ರ ಇಟ್ಟು ಒತ್ತಡ ಅಳೆದರು. ಒಬ್ಬನೇ ಮನುಷ್ಯ ನಿಜ, ಆದರೆ ಅಂಕಿಗಳು ಕಣ್ಣು ತೆರೆಸುತ್ತವೆ. ಅಂಗಾತ ಮಲಗಿದಾಗ 0.1 ಮೆಗಾಪಾಸ್ಕಲ್ (ಒತ್ತಡ ಅಳೆಯುವ ಮಾನ). ನಿಂತಾಗ 0.5. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3. ಅದನ್ನೇ ಮಂಡಿ ಬಗ್ಗಿಸಿ ಎತ್ತಿದಾಗ 1.7. ಮೈಗೆ ಅಂಟಿಸಿಕೊಂಡು ಹಿಡಿದು ನಿಂತಾಗ 1.1. ಕಾರಿನ ಟೈರಿನಲ್ಲಿ ಇರುವುದು 0.2ರ ಆಸುಪಾಸು. ಲೆಕ್ಕ ನೀವೇ ಹಾಕಿ.

ಆದ್ದರಿಂದ ಅಕ್ಕಿ ಚೀಲವಾಗಲಿ, ಹಾಲಿನ ಕ್ಯಾನಾಗಲಿ ಮೈಗೆ ಹತ್ತಿರ ತಂದುಕೊಂಡು ಎತ್ತಿ. ಎತ್ತುತ್ತಾ ಸೊಂಟ ತಿರುಚಬೇಡಿ. ಇನ್ನೊಂದು ಮಾತು ಹೆಂಗಸರಿಗೆ: ರಾತ್ರಿಯಿಡೀ ನೀರು ಹೀರಿ ಡಿಸ್ಕ್ ಬೆಳಿಗ್ಗೆ ಬಿಗಿಯಾಗಿ ಉಬ್ಬಿರುತ್ತದೆ. ಆಗ ಬಗ್ಗಿದರೆ ಅದರ ಮೇಲೆ ಒತ್ತಡ ಜಾಸ್ತಿ. ನಮ್ಮಲ್ಲಿ ಎದ್ದ ಕೂಡಲೇ ಮೋಟು ಪೊರಕೆ ಹಿಡಿದು ಅಂಗಳ ಗುಡಿಸಿ, ಸಾರಿಸಿ, ಬಗ್ಗಿ ರಂಗೋಲಿ ಇಡುವ ರೂಢಿ. ನೋವಿರುವಷ್ಟು ದಿನ ಈ ಕೆಲಸ ಒಂದು ಗಂಟೆ ತಡವಾಗಲಿ. ಉದ್ದ ಹಿಡಿಯ ಪೊರಕೆ ಬರಲಿ. ಇಲ್ಲವೇ ಮನೆಯ ಗಂಡಸರು ಗುಡಿಸಲಿ.

ನೆಲದ ಮೇಲೆ ಮಲಗಿದರೆ ಒಳ್ಳೆಯದಾ?

ಗಟ್ಟಿ ಇದ್ದಷ್ಟೂ ಒಳ್ಳೆಯದು ಎನ್ನುವುದು ನಂಬಿಕೆ ಮಾತ್ರ. 2003ರಲ್ಲಿ ಸ್ಪೇನ್‌ನಲ್ಲಿ ಹೋಲಿಸಿ ನೋಡಿದಾಗ, ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೆ ನೋವು ಕಡಿಮೆ ಇತ್ತು. ಚಾಪೆ ಅಭ್ಯಾಸವಿದ್ದು ಹಿತವಾಗಿದ್ದರೆ ಬದಲಿಸಬೇಕಿಲ್ಲ. ಪಕ್ಕಕ್ಕೆ ಮಲಗಿದಾಗ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡರೆ ಹಲವರಿಗೆ ಆರಾಮ.

ಬೆಲ್ಟ್ ಕಟ್ಟಿಕೊಳ್ಳಬೇಕಾ? ಟ್ರ್ಯಾಕ್ಷನ್, ಕರೆಂಟ್ ಇಡಿಸಬೇಕಾ?

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ದಿನನಿತ್ಯದ ಚಿಕಿತ್ಸೆಯಾಗಿ ಬೇಡ ಎಂದು ಹೇಳಿದ ಪಟ್ಟಿಯಲ್ಲಿ ಬೆಲ್ಟ್, ಟ್ರ್ಯಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವುದು), ಅಲ್ಟ್ರಾಸೌಂಡ್ ಯಂತ್ರ, ಕರೆಂಟ್ ಇಡುವುದು ಎಲ್ಲವೂ ಇವೆ. ವ್ಯಾಯಾಮ ಮತ್ತು ತಿಳಿವಳಿಕೆ ಬೇಕು ಎಂದ ಪಟ್ಟಿಯಲ್ಲಿವೆ. ಫಿಸಿಯೋಥೆರಪಿ ಅಂದರೆ ಯಂತ್ರದ ಕೆಳಗೆ ಹದಿನೈದು ನಿಮಿಷ ಮಲಗುವುದು ಎಂದು ನಮ್ಮವರೇ ಜನರಿಗೆ ಅಭ್ಯಾಸ ಮಾಡಿಸಿದ್ದೇವೆ. ಅದು ಬದಲಾಗಬೇಕು. ನಿಮಗೆ ವ್ಯಾಯಾಮ ಕಲಿಸದೆ ಬರೀ ಯಂತ್ರ ಹಚ್ಚಿ ಕಳಿಸುತ್ತಿದ್ದರೆ ಕೇಳುವ ಹಕ್ಕು ನಿಮಗಿದೆ. ಬಸ್ಸಿನಲ್ಲಿ ದೂರ ಹೋಗುವಾಗ ಬೆಲ್ಟ್ ಕಟ್ಟಿಕೊಂಡರೆ ಧೈರ್ಯ ಅನ್ನಿಸಿದರೆ ಕಟ್ಟಿಕೊಳ್ಳಿ, ಆಮೇಲೆ ಬಿಚ್ಚಿಡಿ.

ಕ್ಯಾಲ್ಸಿಯಂ ಮಾತ್ರೆ, ರಾಗಿ?

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಅಂಬಲಿ ಮೂಳೆಗೆ ಒಳ್ಳೆಯದು. ಆದರೆ ಡಿಸ್ಕ್ ಮೂಳೆಯಲ್ಲ, ಕ್ಯಾಲ್ಸಿಯಂ ಅದನ್ನು ತುಂಬಿಸುವುದಿಲ್ಲ. ಡಿಸ್ಕ್ ಬೆಳೆಸುವ ಪುಡಿ, ಮಾತ್ರೆ ಎಂದು ಮಾರುವವರಿಗೆ ದುಡ್ಡು ಕೊಡಬೇಡಿ.

ನೋವಿನ ಗುಳಿಗೆ ದಿನಾ ತಗೊಳ್ಳಬಹುದಾ?

ಮೆಡಿಕಲ್ ಶಾಪಿನಲ್ಲಿ ‘ಸೊಂಟ ನೋವಿಗೆ ಕೊಡಿ’ ಎಂದು ಕೇಳಿ ತಂದು ತಿಂಗಳುಗಟ್ಟಲೆ ನುಂಗುವುದು ಅಪಾಯ. ಈ ಗುಳಿಗೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು, ಕಿಡ್ನಿಗೆ ಹೊಡೆತ ಕೊಡಬಹುದು. ಸಕ್ಕರೆ ಕಾಯಿಲೆ, ಬಿಪಿ ಇರುವ ಹಿರಿಯರಿಗೆ ಇನ್ನೂ ಜಾಸ್ತಿ. ನೋವು ತಾರಕಕ್ಕೇರಿದ ದಿನಗಳಲ್ಲಿ, ಡಾಕ್ಟರು ಹೇಳಿದಷ್ಟು ದಿನ ಮಾತ್ರ. ಮೊದಲೇ ತಗೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ ಕೇಳಿ.

ಎಣ್ಣೆ ತಿಕ್ಕಿಸುವುದು, ಬೆನ್ನು ತುಳಿಸುವುದು ಮಾಡಬಹುದಾ?

ಹದವಾಗಿ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಂಡರೆ ಸ್ನಾಯು ಸಡಿಲವಾಗಿ ಹಾಯ್ ಅನ್ನಿಸುತ್ತದೆ. ಆಮೇಲೆ ಸ್ವಲ್ಪ ನಡೆದಾಡಲು ಅದು ನೆರವಾದರೆ ಸಂತೋಷ. ತುಳಿಸುವುದು ಬೇಡ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಹೋಗುತ್ತದೆ ಎಂಬ ಮಾತು ನಮ್ಮಲ್ಲಿ ಇದೆ. ಉಳುಕು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ, ಹೆಸರು ತುಳಿದವರಿಗೆ ಬರುತ್ತದೆ. ಮೂಳೆ ಟೊಳ್ಳಾಗಿರುವ ಅಜ್ಜಿಯ ಬೆನ್ನಿನ ಮೇಲೆ ಯಾರಾದರೂ ಕಾಲಿಟ್ಟರೆ ಮಣಿ ಮುರಿಯಬಹುದು.

ಆಪರೇಷನ್ ಯಾವಾಗ ಬೇಕಾಗುತ್ತದೆ?

ಮೊದಲ ಉತ್ತರದಲ್ಲಿ ಹೇಳಿದ ಲಕ್ಷಣಗಳಿದ್ದರೆ ತಕ್ಷಣ. ಕಾಲಿನ ಬಲ ಕುಗ್ಗುತ್ತಾ ಹೋದರೆ ಬೇಗ. ಸಯಾಟಿಕಾ ಆರೆಂಟು ವಾರ ಕಳೆದರೂ ತಡೆಯಲಾಗದಷ್ಟು ಇದ್ದರೆ, ಯೋಚಿಸಿ. ನೆದರ್ಲೆಂಡ್ಸ್‌ನಲ್ಲಿ ಇಂಥ 283 ಜನರನ್ನು ಎರಡು ಗುಂಪು ಮಾಡಿದ್ದರು: ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವುದು. ಫಲಿತಾಂಶ 2007ರಲ್ಲಿ ಬಂತು. ಆಪರೇಷನ್ ಆದವರ ನೋವು ಬೇಗ ಇಳಿಯಿತು. ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನಲ್ಲಿ 95% ಜನ ಚೇತರಿಸಿಕೊಂಡಿದ್ದರು. ಕಾದವರಲ್ಲಿ ಕೆಲವರು ನಡುವೆ ಆಪರೇಷನ್ನಿಗೆ ಹೋದರು ಎನ್ನುವುದನ್ನೂ ಹೇಳಬೇಕು. ಅಂದರೆ ಇದು ಹೆಚ್ಚಿನವರಿಗೆ ಆಯ್ಕೆಯ ಮಾತು. ಮನೆಯಲ್ಲಿ ದುಡಿಯುವವರು ನೀವೊಬ್ಬರೇ ಆಗಿದ್ದರೆ ಬೇಗ ನೋವು ಇಳಿಯುವುದಕ್ಕೆ ಬೆಲೆ ಇದೆ. ಕಾಯಬಲ್ಲವರಿಗೆ ಕಾಯುವುದಕ್ಕೂ ಬೆಲೆ ಇದೆ.

ಕಾಲು ನೋವಿಲ್ಲದೆ ಬರೀ ಸೊಂಟ ನೋವು, ರಿಪೋರ್ಟ್‌ನಲ್ಲಿ ಸವಕಳಿ ಇದ್ದವರಿಗೆ ರಾಡು, ಸ್ಕ್ರೂ ಹಾಕಿ ಮಣಿ ಬೆಸೆಯುವ ಆಪರೇಷನ್ ಹೇಳಿದರೆ ಆತುರಪಡಬೇಡಿ. ಗಟ್ಟಿ ವ್ಯಾಯಾಮ ಕಾರ್ಯಕ್ರಮಕ್ಕಿಂತ ಇದು ಸ್ಪಷ್ಟವಾಗಿ ಮೇಲು ಎಂದು ಯುರೋಪಿನ ಹೋಲಿಕೆಗಳಲ್ಲಿ ಕಂಡಿಲ್ಲ. ಇನ್ನೊಬ್ಬ ಸರ್ಜನ್ ಅಭಿಪ್ರಾಯ ಕೇಳಿ. ಕೇಳಿದರೆ ಮೊದಲನೆಯವರಿಗೆ ಬೇಸರವಾಗುತ್ತದೆ ಎಂದು ಹಿಂಜರಿಯಬೇಡಿ.

ಸ್ಟೆಮ್ ಸೆಲ್ ಹಾಕಿ ಹೊಸ ಡಿಸ್ಕ್ ಬೆಳೆಸುತ್ತಾರಂತೆ?

ಸ್ಟೆಮ್ ಸೆಲ್ ಅಂದರೆ ಮೈಯ ಬೇರೆ ಬೇರೆ ಭಾಗವಾಗಿ ಬೆಳೆಯಬಲ್ಲ ಮೂಲ ಜೀವಕೋಶ. ಸಂಶೋಧನೆ ನಡೆಯುತ್ತಿದೆ. ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟು ಬೇರೆ ಸ್ಟೆಮ್ ಸೆಲ್ ಬಳಕೆಯನ್ನು ಪ್ರಯೋಗ ಎಂದೇ ನೋಡುತ್ತದೆ. ಲಕ್ಷಾಂತರ ರೂಪಾಯಿ ಕೇಳಿದರೆ ಎದ್ದು ಬನ್ನಿ.

ಅಪ್ಪನಿಗೆ ನಡೆದರೆ ಕಾಲು ಭಾರ, ಕೂತರೆ ಸರಿಹೋಗುತ್ತದೆ. ಸೈಕಲ್ ತುಳಿದರೆ ಏನೂ ಆಗುವುದಿಲ್ಲ. ಇದೇನು?

ನರ ಹಾದುಹೋಗುವ ಕಾಲುವೆ ಇಕ್ಕಟ್ಟಾಗಿರಬಹುದು. ಡಿಸ್ಕ್ ಉಬ್ಬಿ, ಕೀಲು ದಪ್ಪಗಾಗಿ, ಒಳಗಿನ ನಾರು ಬೆಳೆದು ಹೀಗಾಗುತ್ತದೆ. ಅರವತ್ತು ದಾಟಿದವರಲ್ಲಿ ಸಾಮಾನ್ಯ. ಮುಂದಕ್ಕೆ ಬಾಗಿದಾಗ ಕಾಲುವೆ ಸ್ವಲ್ಪ ತೆರೆದುಕೊಳ್ಳುತ್ತದೆ. ಸೈಕಲ್ ಮೇಲೆ ಬಾಗಿ ಕೂರುವುದರಿಂದ ಆರಾಮ. ಬರೀ ನಿಂತರೂ ಕಾಲು ನೋವು ಇಳಿಯುತ್ತದೆ, ಬಾಗುವ ಅಗತ್ಯವೇ ಇಲ್ಲ ಅಂದರೆ ಕಾಲಿನ ರಕ್ತನಾಳ ಕಟ್ಟಿರಬಹುದು. ಬೀಡಿ ಸೇದುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದನ್ನು ಪರೀಕ್ಷೆ ಮಾಡಿಸಲೇಬೇಕು.

ಕತ್ತಿನ ಡಿಸ್ಕ್ ಸವೆದರೂ ಇದೇ ಮಾತಾ?

ಬಹಳ ಮಟ್ಟಿಗೆ ಇದೇ. ಒಂದು ವ್ಯತ್ಯಾಸ ಇದೆ: ಕತ್ತಿನಲ್ಲಿ ಡಿಸ್ಕಿನ ಹಿಂದೆಯೇ ಬೆನ್ನುಹುರಿ ಇದೆ. ಅದು ಒತ್ತಿಹೋದರೆ ನೋವೇ ಇಲ್ಲದಿರಬಹುದು. ಅಂಗಿಯ ಗುಂಡಿ ಹಾಕಲು ತಡವರಿಸುವುದು, ಅನ್ನ ಕಲಸುವಾಗ ಬೆರಳು ಮಾತು ಕೇಳದಿರುವುದು, ನಡೆಯುವಾಗ ತೂರಾಡುವುದು ಶುರುವಾಗುತ್ತದೆ. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿಹೋದರೂ ಗೊತ್ತಾಗದಿರುವುದು ಇನ್ನೊಂದು ಗುರುತು. ‘ವಯಸ್ಸಾಯ್ತು’ ಎಂದು ಬಿಡದೆ ನರರೋಗ ತಜ್ಞರಿಗೆ ತೋರಿಸಿ.

ನಮ್ಮೂರಲ್ಲಿ ನಲವತ್ತಕ್ಕೇ ಎಲ್ಲರ ಬೆನ್ನೂ ಸೆಟೆದುಕೊಂಡಿದೆ. ಎಲ್ಲರ ಡಿಸ್ಕೂ ಸವೆದಿದೆಯಾ?

ಒಂದೇ ಊರಿನ ಬಹಳ ಜನರಿಗೆ ಹೀಗಾಗಿದ್ದರೆ ನೀರನ್ನು ಅನುಮಾನಿಸಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳಬಹುದು. ಅದಕ್ಕಿಂತ ಬಹಳ ಜಾಸ್ತಿ ಇದ್ದಲ್ಲಿ ಬೆನ್ನುಮೂಳೆಯೇ ಗಟ್ಟಿಯಾಗಿ ಬಗ್ಗದಾಗುತ್ತದೆ, ಮೂಳೆಗಳನ್ನು ಕಟ್ಟಿ ಹಿಡಿಯುವ ಅಸ್ಥಿರಜ್ಜುಗಳು ಮೂಳೆಯಂತಾಗುತ್ತವೆ. ಅದಕ್ಕೆ ವ್ಯಾಯಾಮಕ್ಕಿಂತ ಮೊದಲು ಬೇಕಾದ್ದು ಶುದ್ಧ ನೀರು. ದನ, ಕುರಿ ಸಾಕುವವರಲ್ಲಿ, ಹಸಿ ಹಾಲು ಕುಡಿಯುವವರಲ್ಲಿ ಬೆನ್ನು ನೋವಿನ ಜೊತೆ ಬಿಟ್ಟು ಬಿಟ್ಟು ಜ್ವರ, ಬೆವರು ಇದ್ದರೆ ಬ್ರೂಸೆಲ್ಲಾ ಸೋಂಕಿಗೆ ರಕ್ತ ಪರೀಕ್ಷೆ ಮಾಡಿಸಿ. ಕೊಟ್ಟಿಗೆ ಕೆಲಸ ಮಾಡುತ್ತೀರಿ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಅಜ್ಜಿ ಮೊದಲಿಗಿಂತ ಗಿಡ್ಡ ಆಗಿದ್ದಾರೆ. ಡಿಸ್ಕ್ ಸವೆದೇ ಹೀಗಾಯ್ತಾ?

ಸ್ವಲ್ಪ ಮಟ್ಟಿಗೆ ಹೌದು. 23 ದಿಂಬುಗಳೂ ಒಂದಿಷ್ಟು ತೆಳುವಾದರೆ ಎತ್ತರ ಇಳಿಯಲೇಬೇಕಲ್ಲ. ಆದರೆ ನಾಲ್ಕು ಸೆಂಟಿಮೀಟರಿಗಿಂತ ಜಾಸ್ತಿ ಇಳಿದಿದ್ದರೆ, ಬೆನ್ನು ಗೂನಾಗುತ್ತಿದ್ದರೆ, ಸೀರೆ ಉಟ್ಟರೆ ಮೊದಲಿಗಿಂತ ನೆಲಕ್ಕೆ ಎಳೆಯುತ್ತಿದ್ದರೆ ಮಣಿಗಳೇ ಕುಸಿದಿರಬಹುದು. ಅದು ಮೂಳೆ ಟೊಳ್ಳಾಗುವ ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಒಂದು ಎಕ್ಸ್‌ರೇ ಮತ್ತು ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿ. ಅಜ್ಜಿ ಬೇಡ ಅಂದರೂ ಕರೆದುಕೊಂಡು ಹೋಗಿ.